ದುಪ್ಪಟಿ ಮಾತ್ರ ಜಾರುವುದಿಲ್ಲ: ಮೂರು ತಿಂಗಳ ಇಂಗ್ಲಿಷ್ ಸಿನಿಮಾ ಪ್ಯಾಕ್

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ಕಟ್ ಆಗಿದ್ದು ಕಂಪನಿಯವರ ದೆಸೆಯಿಂದ. ಇನ್ನೊಂದು ಹಾಲಿವುಡ್‌ನವರ ದೆಸೆಯಿಂದ. ಹಾಲಿವುಡ್ ಮಾಡಿದ ತಪ್ಪಿಗೆ ಇವರಿಗ್ಯಾಕೆ ಶಿಕ್ಷೆ ಅಂತ ನೀವು ಕೇಳಬಹುದು. ದುಡ್ಡು ಇಸ್ಕೊಂಡವರು ಇವರೇ ಅಲ್ವಾ?

ಈ ಪ್ಯಾಕ್ ನಮ್ಮ ಮನೆಗೆ ಬಂದಿದ್ದು ಫೈಬರ್ ಇಂಟರ್ನೆಟ್ ಜೊತೆ. ತಿಂಗಳಿಗೆ 149 ರೂಪಾಯಿ ಜಾಸ್ತಿ ಕೊಟ್ಟರೆ ಇಂಗ್ಲಿಷ್ ಸಿನಿಮಾ ಎಲ್ಲ ಬರುತ್ತೆ, ಆದರೆ ಮೂರು ತಿಂಗಳದ್ದು ಒಟ್ಟಿಗೆ ಕಟ್ಟಬೇಕು ಅಂದರು. ಆಗ ನಮ್ಮ ಯಜಮಾನರಿಗೆ ಮಂಡಿ ಆಪರೇಷನ್ ಆಗಿತ್ತು. ಅಮಾನಿಕೆರೆ ವಾಕಿಂಗ್ ಬಂದ್. ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿದ್ದವರು, ಸುಮ್ನೆ ಕೂರಿಸಿದರೆ ಮನೆಯವರಿಗೆಲ್ಲ ಪಾಠ ಶುರು ಮಾಡುತ್ತಾರೆ. 447 ರೂಪಾಯಿಗೆ ಮನೆಯ ನೆಮ್ಮದಿ ಸಿಕ್ಕರೆ ಅಗ್ಗವೇ ಅಂದುಕೊಂಡು ಕಟ್ಟಿದೆ.

ಕನೆಕ್ಷನ್ ಕೊಡಲು ಬಂದ ಹುಡುಗ ಎಲ್ಲ ಚೆನ್ನಾಗಿ ತೋರಿಸಿಕೊಟ್ಟ. ಒಂದು ಕಡೆ ಮಾತ್ರ ತಡವರಿಸಿದ. "ಆಂಟಿ, ಇದ್ರಲ್ಲಿ... ಅದೇ... ಎ ಸರ್ಟಿಫಿಕೇಟ್ ಪಿಕ್ಚರೆಲ್ಲ ಬರುತ್ತೆ. ಪಿನ್ ಹಾಕ್ಬಿಡ್ಲಾ?" ಮುಖ ಟಿವಿ ಕಡೆ, ಕಿವಿ ಕೆಂಪು.

"ಹಾಕಪ್ಪ, ಮೊಮ್ಮಗ ಬರ್ತಿರ್ತಾನೆ. ಆದ್ರೆ ನೀನ್ಯಾಕೆ ನಾಚ್ಕೋತೀಯ? 31 ವರ್ಷ ನರ್ಸ್ ಆಗಿದ್ದೆ. ಅದ್ರಲ್ಲಿ 18 ವರ್ಷ ಹೆರಿಗೆ ವಾರ್ಡು. ಈ ಊರಲ್ಲಿ ನಿನ್ನ ವಯಸ್ಸಿನೋರನ್ನ ಎಷ್ಟು ಜನರನ್ನ ಹುಟ್ಟಿದ ತಕ್ಷಣ ಒರೆಸಿ ಸುತ್ತಿಟ್ಟಿದ್ದೀನಿ ಗೊತ್ತಾ?"

ಹುಡುಗ ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಇದನ್ನು ಯಾಕೆ ಹೇಳಿದೆ ಅಂದರೆ, ಬರಿಮೈ ಕಂಡರೆ ನನಗೆ ಗಾಬರಿ ಇಲ್ಲ, ಕುತೂಹಲವೂ ಇಲ್ಲ. ಮೈ ಅಂದರೆ ನನಗೆ ಕೆಲಸ. ಒರೆಸಬೇಕು, ಮಗ್ಗುಲು ಬದಲಿಸಬೇಕು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳಬೇಕು. ಹಾಗಾಗಿ "ಅಮೆರಿಕದ ಸಿನಿಮಾದಲ್ಲಿ ಎಲ್ಲ ಬಿಚ್ಚಿ ತೋರಿಸ್ತಾರೆ" ಅಂತ ನಮ್ಮ ಬೀದಿಯವರು ಹೇಳಿದಾಗ, ಎಲ್ಲ ಅಂದರೆ ಏನೇನು ಅಂತ ನೋಡಲು ಕೂತೆ. ಮೂರು ತಿಂಗಳಾದ ಮೇಲೆ ನನ್ನ ತೀರ್ಮಾನ ಇದು: ಬಟ್ಟೆ ತೆಗೆಯುತ್ತಾರೆ, ಮೈ ತೋರಿಸುವುದಿಲ್ಲ.

ಇದನ್ನು ಮೊದಲು ಕಂಡುಹಿಡಿದಿದ್ದು ನಾನಲ್ಲ, ನಮ್ಮ ಅತ್ತೆ. ಅವರಿಗೆ 86. ಗುಬ್ಬಿ ಕಡೆಯ ಹಳ್ಳಿಯವರು. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ, ಅದಕ್ಕೇ ಮಾತಿನ ಕಡೆ ಗಮನ ಇಲ್ಲದೆ ಬರೀ ಚಿತ್ರ ನೋಡುತ್ತಾರೆ. ಒಂದು ಮಧ್ಯಾಹ್ನ ಯಾವುದೋ ಗಂಡ ಹೆಂಡತಿ ಕಥೆ ಓಡುತ್ತಿತ್ತು. ರಾತ್ರಿ ಆಯಿತು, ದೀಪ ಆರಿತು, ಬೆಳಗಾಯಿತು. ಯಜಮಾನರು ರಿಮೋಟ್ ಹುಡುಕುವಷ್ಟರಲ್ಲಿ ಇಬ್ಬರೂ ಹಾಸಿಗೆಯಲ್ಲಿ ಪಕ್ಕಪಕ್ಕ ಮಲಗಿ ಮಾತಾಡುತ್ತಿದ್ದರು. ಅತ್ತೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು:

"ಅದ್ಯಾಕೇ, ಅವ್ಳಿಗೆ ಕಂಕುಳ್ಗಂಟ ಐತೆ, ಅವ್ನಿಗೆ ಸೊಂಟದ್ಗಂಟ ಐತೆ? ಒಂದೇ ದುಪ್ಟಿ ಅಲ್ವಾ?"

ನಾನು ನೋಡೇ ಇರಲಿಲ್ಲ. ಹೌದಲ್ಲ! ಒಂದೇ ದುಪ್ಪಟಿ. ಅವಳ ಕಡೆ ಎದೆ ಮೇಲಕ್ಕೆ, ಅವನ ಕಡೆ ಹೊಟ್ಟೆ ಕೆಳಕ್ಕೆ. ದರ್ಜಿ ಅಳತೆ ತಗೊಂಡು ಹೊಲಿದ ಹಾಗೆ. ಅಷ್ಟರಲ್ಲಿ ಅವಳು ಎದ್ದಳು. ಎದ್ದವಳು ದುಪ್ಪಟಿಯನ್ನೇ ಮೈಗೆ ಸುತ್ತಿಕೊಂಡು, ನೆಲಕ್ಕೆ ಎಳೆದಾಡಿಕೊಂಡು ಬಚ್ಚಲಿಗೆ ಹೋದಳು.

"ಹಾಸ್ಗೇನೇ ಕಿತ್ಕಂಡು ಹೋಯ್ತಾವ್ಳಲ್ಲೇ! ಗಂಡನ್ ಮುಂದೆ ಏನ್ ನಾಚ್ಕೆ? ರಾತ್ರಿ ಇರ್ನಿಲ್ವಾ?"

ಯಜಮಾನರು ಪೇಪರ್ ಮುಖಕ್ಕೆ ಹಿಡಿದುಕೊಂಡರು. ಪೇಪರ್ ನಡುಗುತ್ತಿತ್ತು, ನಗು ತಡೆಯುತ್ತಿದ್ದರು.

31 ವರ್ಷ ದಿನಾ ಹಾಸಿಗೆ ಹಾಸಿದವಳು ನಾನು. ಮೂಲೆ ಮಡಿಸಿ ಒಳಗೆ ಸೇರಿಸಿದ ದುಪ್ಪಟಿ ಒಂದೇ ಎಳೆತಕ್ಕೆ ಬರುವುದಿಲ್ಲ. ಬಂದರೂ ಇನ್ನೊಬ್ಬ ಅದನ್ನೇ ಹೊದ್ದು ಮಲಗಿದ್ದಾನೆ. ಅಮೆರಿಕದವರೇ ಇದನ್ನು ಎಲ್ ಆಕಾರದ ದುಪ್ಪಟಿ ಅಂತ ಆಡಿಕೊಳ್ಳುತ್ತಾರಂತೆ. ನಮಗೆ ಅದೊಂದು ಆಟವಾಗಿ ಹೋಯಿತು. ಬೆಳಗಿನ ಸೀನ್ ಬಂದ ತಕ್ಷಣ ಮೂರು ಜನವೂ ಮುಂದಕ್ಕೆ ಬಗ್ಗಿ ದುಪ್ಪಟಿ ಅಳೆಯುವುದು. ಲಿಪ್‌ಸ್ಟಿಕ್ ಹಾಗೇ ಇದೆಯಾ ನೋಡುವುದು. ಯಾವಾಗಲೂ ಹಾಗೇ ಇರುತ್ತದೆ. ಒಬ್ಬರ ಬಾಯಿಯೂ ವಾಸನೆ ಬರುವುದಿಲ್ಲ ಅಂತ ಕಾಣುತ್ತೆ, ಎದ್ದ ತಕ್ಷಣ ಮುತ್ತು ಕೊಡುತ್ತಾರೆ.

ಯಜಮಾನರಿಗೆ ಪಾಠ ಮಾಡಲು ವಿಷಯ ಸಿಕ್ಕಿತು. ಎರಡು ದಿನ ಫೋನಿನಲ್ಲಿ ಓದಿ ಬಂದು ಹೇಳಿದರು. ಅಮೆರಿಕದವರೂ ಮಡಿವಂತರೇ ಅಂತೆ. ಹಾಲಿವುಡ್ ಕಂಪನಿಗಳು 1930ರಲ್ಲಿ ಸೇರಿಕೊಂಡು ತಮಗೆ ತಾವೇ ಒಂದು ನಿಯಮಾವಳಿ ಮಾಡಿಕೊಂಡವು. ಹೇಸ್ ಕೋಡ್ ಅಂತ ಹೆಸರು. 1934ರಿಂದ ಜೋಸೆಫ್ ಬ್ರೀನ್ ಅನ್ನುವವರು ಅದನ್ನು ಬಿಗಿಯಾಗಿ ಜಾರಿ ಮಾಡಿದರು. ಪೂರ್ತಿ ನಗ್ನತೆ ಕೂಡದು, ನೆರಳಿನಲ್ಲಿ ತೋರಿಸುವುದೂ ಕೂಡದು. ಆ ಕಾಲದ ಸಿನಿಮಾಗಳಲ್ಲಿ ತಾಳಿ ಕಟ್ಟಿದ ಗಂಡ ಹೆಂಡತಿಯೂ (ತಾಳಿ ಅಂದಿದ್ದು ಯಜಮಾನರು, ಉಂಗುರ ಅಂತ ಓದಿಕೊಳ್ಳಿ) ಎರಡು ಬೇರೆ ಬೇರೆ ಮಂಚದಲ್ಲಿ ಮಲಗುತ್ತಿದ್ದರು. 1968ರಲ್ಲಿ ಕೋಡ್ ಹೋಗಿ ರೇಟಿಂಗ್ ಬಂತು, ಅಂದರೆ ಯಾವ ವಯಸ್ಸಿನವರು ನೋಡಬಹುದು ಅನ್ನುವ ಗುರುತು. ಮಂಚ ಒಂದಾಯಿತು, ದುಪ್ಪಟಿ ಉಳಿಯಿತು.

ಇಷ್ಟಕ್ಕೆ ನಾನು ನಗುತ್ತಿದ್ದೆ. ಆಮೇಲೆ ಅವರು ಆ ಪಟ್ಟಿಯಲ್ಲಿದ್ದ ಇನ್ನೊಂದು ಸಾಲು ಓದಿದರು. ಹೆರಿಗೆಯನ್ನೂ ತೋರಿಸುವ ಹಾಗಿಲ್ಲ. ನೆರಳಿನಲ್ಲೂ ಇಲ್ಲ.

ನನಗೆ ಸಿಟ್ಟು ಬಂತು ನೋಡಿ. ಹೆರಿಗೆ ಅಶ್ಲೀಲ ಹೇಗಾಗುತ್ತೆ? ಅದೇ ದೇಶದಲ್ಲಿ 1952ರಲ್ಲಿ ಐ ಲವ್ ಲೂಸಿ ಅಂತ ಒಂದು ಟಿವಿ ಧಾರಾವಾಹಿ. ಲುಸೀಲ್ ಬಾಲ್ ಅನ್ನುವ ನಟಿ ನಿಜವಾಗಿಯೂ ಬಸುರಿ, ಕಥೆಯಲ್ಲೂ ಬಸುರಿ. ಆದರೆ ಬಸುರಿ ಅನ್ನುವ ಪದವನ್ನು ಬಳಸಲು ಚಾನೆಲ್‌ನವರು ಬಿಡಲಿಲ್ಲ. ನಮ್ಮಲ್ಲಿ "ಏನಾದ್ರೂ ವಿಶೇಷನಾ?" ಅಂತ ಕೇಳುತ್ತೀವಲ್ಲ, ಆ ಥರ ಸುತ್ತಿ ಬಳಸಿ ಹೇಳುತ್ತಿದ್ದರು. ಅಮೆರಿಕದವರು ನಮಗಿಂತ ಮುಂದಿದ್ದಾರೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನಮ್ಮ ಚಿಕ್ಕಮ್ಮನ ಹಾಗೆಯೇ ಇದ್ದರು.

ಈಗ ಹೆರಿಗೆ ತೋರಿಸುತ್ತಾರೆ. ಹೇಗೆ ತೋರಿಸುತ್ತಾರೆ ಕೇಳಿ. ಹೆಂಗಸು ಮಲಗಿದ್ದಾಳೆ, ಹಣೆಯ ಮೇಲೆ ನಾಲ್ಕು ಹನಿ ಬೆವರು. ಎರಡು ಸಲ ಕಿರುಚುತ್ತಾಳೆ. ಗಂಡನ ಕೈ ಹಿಂಡುತ್ತಾಳೆ. ಮಗು ಬಂತು. ಬಂದ ಮಗುವಿಗೆ ಕತ್ತು ನಿಂತಿದೆ! ಡಾಕ್ಟರ್ ಕಡೆ ತಿರುಗಿ ನೋಡುತ್ತೆ, ಇನ್ನೇನು ನಮಸ್ಕಾರ ಅನ್ನಬೇಕು. ಹೊಕ್ಕುಳಬಳ್ಳಿ ಎಲ್ಲಿ? ಮಾಸು ಎಲ್ಲಿ? ಅಮ್ಮ ಆಗಲೇ ತಲೆ ಬಾಚಿಕೊಂಡು ಕೂತಿದ್ದಾಳೆ.

ಹುಟ್ಟಿದ ಕೂಸು ಹೇಗಿರುತ್ತೆ ಅಂತ ನಾನು ಹೇಳುತ್ತೇನೆ. ಮೈಗೆಲ್ಲ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಜಿಡ್ಡು. ಹಾದಿಯಲ್ಲಿ ಒತ್ತಿಕೊಂಡು ಬಂದಿರುವುದರಿಂದ ತಲೆ ಸೋರೆಕಾಯಿ ಥರ ಉದ್ದ. ಕೈ ಕಾಲು ನೀಲಿ. ಕಣ್ಣಿನ ರೆಪ್ಪೆ ಊದಿಕೊಂಡು ಎಪ್ಪತ್ತು ವರ್ಷದ ಅಜ್ಜನ ಮುಖ. ಮೊದಲ ಸಲ ಹೆತ್ತವರು ಎಷ್ಟೋ ಜನ ನನ್ನ ಕೈ ಹಿಡಿದು "ಸಿಸ್ಟರ್, ಮಗು ಯಾಕೆ ಹಿಂಗಿದೆ? ಸರಿಯಾಗುತ್ತಾ?" ಅಂತ ಅಳುತ್ತಿದ್ದರು. ಎರಡು ದಿನದಲ್ಲಿ ತಲೆ ದುಂಡಗಾಗುತ್ತೆ ಕಣಮ್ಮ ಅಂತ ಸಮಾಧಾನ ಮಾಡುತ್ತಿದ್ದೆ. ಅವರು ಸಿನಿಮಾದಲ್ಲಿ ನೋಡಿದ್ದು ಕತ್ತು ನಿಂತ ಮಗುವನ್ನು. ಪಾಪ, ಅವರ ತಪ್ಪಲ್ಲ.

ಸಿನಿಮಾದವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ 15 ದಿನ ತುಂಬದ ಕೂಸನ್ನು ಶೂಟಿಂಗಿಗೆ ತರುವ ಹಾಗಿಲ್ಲ. ಆಮೇಲೂ ಆರು ತಿಂಗಳವರೆಗೆ ದಿನಕ್ಕೆ 20 ನಿಮಿಷ ಮಾತ್ರ ಕೆಲಸ. ಜೊತೆಗೆ ಒಬ್ಬ ನರ್ಸ್ ಇರಲೇಬೇಕು. ಇದು ಬಹಳ ಸರಿ. (ರಿಟೈರ್ ಆಗುವ ಮೊದಲೇ ಗೊತ್ತಿದ್ದರೆ ಅರ್ಜಿ ಹಾಕುತ್ತಿದ್ದೆ.) ಮಗುವಿನ ಮೈಗೆ ಜಾಮ್, ಚೀಸ್ ಸವರಿ ಆಗ ತಾನೇ ಹುಟ್ಟಿದ ಹಾಗೆ ಮಾಡುತ್ತಾರಂತೆ. ಮಾಡಲಿ, ಮಗುವಿಗೋಸ್ಕರ ಹೇಳುವ ಸುಳ್ಳಿಗೆ ನನ್ನ ತಕರಾರಿಲ್ಲ. ಆದರೆ ಆ ತಾಯಿಯ ತಲೆಯನ್ನಾದರೂ ಕೆದರಬಹುದಲ್ಲ?

ಆಸ್ಪತ್ರೆ ಸೀನ್‌ಗಳ ವಿಷಯ ಬೇಡವೇ ಬೇಡ ಅಂದುಕೊಂಡಿದ್ದೆ, ಆದರೂ ಒಂದನ್ನು ಹೇಳದಿದ್ದರೆ ಅನ್ನ ಇಳಿಯುವುದಿಲ್ಲ. ಹೃದಯ ನಿಂತ ಹೆಂಗಸಿಗೆ ಶಾಕ್ ಕೊಡುತ್ತಾರಲ್ಲ, ಒಳ ಉಡುಪು ಹಾಗೇ ಇರುತ್ತದೆ. ಅಲ್ಲಯ್ಯಾ, ಕ್ಯಾಶುವಾಲ್ಟಿಗೆ ಅಂಥ ಪೇಷಂಟ್ ಬಂದರೆ ನಾವು ಮೊದಲು ಕೈಗೆ ತಗೊಳ್ಳುವುದು ಕತ್ತರಿ. ರೇಷ್ಮೆ ಸೀರೆಯ ರವಿಕೆಯಾದರೂ ಸರಿ, ಕತ್ತರಿಸುವುದೇ. ಎದೆ ಬರಿದಾಗದೆ ಪ್ಯಾಡ್ ಎಲ್ಲಿ ಇಡುತ್ತೀರಿ? ಅದೂ ಅಲ್ಲದೆ ಮಾನಿಟರಿನಲ್ಲಿ ಗೆರೆ ಸಪಾಟಾಗಿ ಹೋದ ಮೇಲೆ ಶಾಕ್ ಕೊಡುವುದೇ ಇಲ್ಲ, ಎದೆ ಒತ್ತಬೇಕು, ಔಷಧಿ ಕೊಡಬೇಕು. ಇಲ್ಲಿ ಗೆರೆ ಸಪಾಟಾದ ಕೂಡಲೇ ಶಾಕ್, ಧಡಕ್ ಅಂತ ಪೇಷಂಟ್ ಎದ್ದು ಕೂರುತ್ತಾರೆ. ಅಮೆರಿಕದ ಡಾಕ್ಟರ್‌ಗಳೇ 1996ರಲ್ಲಿ ತಮ್ಮ ಟಿವಿ ಕಾರ್ಯಕ್ರಮಗಳನ್ನು ನೋಡಿ ಲೆಕ್ಕ ಹಾಕಿದ್ದರು. ಎದೆ ಒತ್ತಿಸಿಕೊಂಡವರಲ್ಲಿ ನೂರಕ್ಕೆ 75 ಜನ ಟಿವಿಯಲ್ಲಿ ಬದುಕಿಕೊಂಡಿದ್ದರು. ವಾರ್ಡಿನಲ್ಲಿ ಹಾಗಿದ್ದಿದ್ದರೆ ನಾವು ಇಷ್ಟು ಅಳು ಕೇಳುತ್ತಿರಲಿಲ್ಲ.

ಗುಂಡೇಟಿನದ್ದೂ ಅದೇ ಕಥೆ. ಅಲ್ಲಿ ಪಿಜಿ-13 ಅಂತ ಒಂದು ಗುರುತಿದೆ, 1984ರಲ್ಲಿ ಬಂದಿದ್ದು. ಮಕ್ಕಳೂ ನೋಡಬಹುದು, ಆದರೆ 13 ತುಂಬದವರ ಅಪ್ಪ ಅಮ್ಮ ಎಚ್ಚರವಾಗಿರಿ ಅಂತ ಅದರ ಅರ್ಥ. ಆ ಗುರುತಿನ ಸಿನಿಮಾಗಳಲ್ಲಿ ಜನ ಹುಳುಗಳ ಹಾಗೆ ಸಾಯುತ್ತಾರೆ. ಆದರೆ ನೆಲದ ಮೇಲೆ ರಕ್ತ ಇರುವುದಿಲ್ಲ. ರಕ್ತ ಜಾಸ್ತಿಯಾದರೆ ದೊಡ್ಡವರ ರೇಟಿಂಗ್ ಬೀಳುತ್ತದೆ, ಟಿಕೆಟ್ ಕಡಿಮೆಯಾಗುತ್ತದೆ. ಗುಂಡು ತಾಗಿದವನು ಎಷ್ಟು ಹೊತ್ತು ನರಳುತ್ತಾನೆ, ಯಾರನ್ನು ಕರೆಯುತ್ತಾನೆ, ಬಟ್ಟೆ ಹೇಗೆ ಒದ್ದೆಯಾಗುತ್ತದೆ ಅಂತ ತೋರಿಸಿದರೆ ಅದು ಮಕ್ಕಳಿಗಲ್ಲ. ಏನೂ ಆಗದ ಹಾಗೆ ಬಿದ್ದುಬಿಟ್ಟರೆ ಮಕ್ಕಳಿಗೆ ಸರಿ! ನನ್ನ ಲೆಕ್ಕದಲ್ಲಿ ಅದೂ ಒಂದು ದುಪ್ಪಟಿಯೇ.

ಹಾಗಾದರೆ ದುಪ್ಪಟಿ ತೆಗೆದಾಗ ಏನು ಕಾಣುತ್ತೆ? ಕೆಲವು ಸಿನಿಮಾಗಳಲ್ಲಿ ತೆಗೆಯುತ್ತಾರೆ. ತೆಗೆದ ಮೇಲೂ ಕಾಣುವುದು ಮೈಯಲ್ಲ, ಇನ್ನೊಂದು ಥರದ ಉಡುಪು. ಎಣ್ಣೆ ಹಚ್ಚಿದ ಹಾಗೆ ಬೆಳಕು. ಮೂರು ಮಕ್ಕಳ ತಾಯಿಯ ಪಾತ್ರ, ಹೊಟ್ಟೆಯ ಮೇಲೆ ಒಂದು ಬಿಳಿ ಗೆರೆ ಇಲ್ಲ, ಸಿಸೇರಿಯನ್ ಗುರುತಿಲ್ಲ. ಸೊಂಟದಲ್ಲಿ ಲಾಡಿ ಕಟ್ಟಿದ ಕಪ್ಪು ಇಲ್ಲ. ಅವರಿಗೆ ಲಾಡಿ ಇಲ್ಲ ಅನ್ನಿ, ಎಲಾಸ್ಟಿಕ್ ಗುರುತಾದರೂ ಬೇಡವೇ? ಅಭ್ಯಾಸಬಲದಿಂದ ಎಡತೋಳಿನಲ್ಲಿ ಬಿಸಿಜಿ ಲಸಿಕೆಯ ಗುರುತು ಹುಡುಕಿದೆ. ಅದೂ ಇಲ್ಲ. ಆಮೇಲೆ ನೆನಪಾಯಿತು, ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಬಿಸಿಜಿ ಹಾಕುವ ಪದ್ಧತಿಯಿಲ್ಲ. ಅದೊಂದರಲ್ಲಿ ಸಿನಿಮಾದವರು ಗೆದ್ದರು.

ಒಂದೇ ಒಂದು ಸಿನಿಮಾ ನನ್ನ ಬಾಯಿ ಮುಚ್ಚಿಸಿತು. ಶಿಂಡ್ಲರ್ಸ್ ಲಿಸ್ಟ್. ಸ್ಟೀವನ್ ಸ್ಪೀಲ್‌ಬರ್ಗ್ 1993ರಲ್ಲಿ ತೆಗೆದಿದ್ದು, ಮೂರು ಗಂಟೆಗಿಂತ ಜಾಸ್ತಿ, ಹೆಚ್ಚುಕಡಿಮೆ ಪೂರ್ತಿ ಕಪ್ಪು ಬಿಳುಪು. ಅತ್ತೆ ಮಲಗಿದ ಮೇಲೆ ನಾವಿಬ್ಬರೇ ಕೂತು ನೋಡಿದೆವು. ಪಿನ್ ಕೇಳಿತು. ಮೂಲೆಯಲ್ಲಿ ಬರೆದಿತ್ತು: ನಗ್ನತೆ, ಹಿಂಸೆ.

ಹಿಟ್ಲರನ ಕಡೆಯ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಕ್ಯಾಂಪಿನಲ್ಲಿ ಡಾಕ್ಟರ್‌ಗಳು ಮೇಜು ಹಾಕಿಕೊಂಡು ಕೂತಿದ್ದಾರೆ. ಕೈದಿಗಳು ಬರಿಮೈಯಲ್ಲಿ ಅವರ ಮುಂದೆ ಓಡಬೇಕು. ಓಡಲು ಶಕ್ತಿ ಇದ್ದವರು ಕೆಲಸಕ್ಕೆ, ಇಲ್ಲದವರು ಸಾವಿಗೆ. ಅದಕ್ಕೂ ಮೊದಲು ಹೆಂಗಸರು ಬೆರಳು ಚುಚ್ಚಿಕೊಂಡು ಆ ರಕ್ತವನ್ನು ಕೆನ್ನೆಗೆ ಸವರಿಕೊಳ್ಳುತ್ತಾರೆ, ಆರೋಗ್ಯವಾಗಿ ಕಾಣಲಿ ಅಂತ. ಓಡುವವರಲ್ಲಿ ವಯಸ್ಸಾದವರಿದ್ದಾರೆ. ಜೋತ ಹೊಟ್ಟೆ, ಸಣ್ಣ ಕಾಲು, ಎದ್ದ ಪಕ್ಕೆಲುಬು. ಓಡುವಾಗ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಇರುವುದು. ಅದು ಮೈ. ನಾನು 31 ವರ್ಷ ನೋಡಿದ ಮೈ.

ನನಗೆ ನೆನಪಾಗಿದ್ದು ಬೇರೆ. ಸರ್ವಿಸ್‌ಗೆ ಸೇರಿದ ಹೊಸದರಲ್ಲಿ ಒಂದು ಸಂತಾನಹರಣ ಶಸ್ತ್ರಚಿಕಿತ್ಸೆ ಕ್ಯಾಂಪಿಗೆ ಡ್ಯೂಟಿ ಹಾಕಿದ್ದರು. ಯಾವ ಊರು ಅಂತ ಬೇಡ. ಹೆಂಗಸರು ತುಂಬಾ, ಹೊತ್ತು ಕಡಿಮೆ, ಗೌನ್ ಸಾಲದು. ಇದ್ದಿದ್ದು ಒಂದೇ ಸ್ಕ್ರೀನ್. ಸ್ಕ್ರೀನ್ ಅಂದರೆ ನಮ್ಮ ಭಾಷೆಯಲ್ಲಿ ಹಸಿರು ಬಟ್ಟೆಯ ಮಡಚುವ ಮರೆ. ನಾನು "ಬೇಗ ಬೇಗ ಬಿಚ್ಚಿ, ಬೇಗ ಬನ್ನಿ" ಅಂತ ಕೂಗುತ್ತಿದ್ದೆ. ಒಬ್ಬಳು ಲಂಗದ ಲಾಡಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅವಳಿಗೂ ಬೈದೆ. ಹೋಲಿಸುತ್ತಿಲ್ಲ, ಹೋಲಿಸುವ ಮಾತೂ ಅಲ್ಲ ಅದು. ನಾವು ಮಾಡಿದ್ದು ಆಪರೇಷನ್. ಆದರೂ ಅವತ್ತು ರಾತ್ರಿ ಟಿವಿ ಆರಿಸಿದ ಮೇಲೆ ಆ ಹೆಂಗಸಿನ ಕೈ ಕಣ್ಣ ಮುಂದೆ ಬಂತು. ಯಜಮಾನರಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮಾರನೇ ದಿನ ಯಜಮಾನರು ಒಂದು ಕೋರ್ಟಿನ ತೀರ್ಪು ಹುಡುಕಿ ತಂದರು. ಫೂಲನ್ ದೇವಿ ಕಥೆಯ ಬ್ಯಾಂಡಿಟ್ ಕ್ವೀನ್ ಸಿನಿಮಾದಲ್ಲಿ ನಗ್ನತೆ ಇದೆ ಅಂತ ಕೇಸ್ ಆಗಿತ್ತಲ್ಲ, 1996ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತೀರ್ಪು ಕೊಡುವಾಗ ಇದೇ ಶಿಂಡ್ಲರ್ಸ್ ಲಿಸ್ಟ್ ಮಾತು ಎತ್ತಿದೆ. ನಗ್ನರಾಗಿ ಸಾವಿಗೆ ನಡೆಯುವವರನ್ನು ನೋಡಿದರೆ ಕಣ್ಣೀರು ಬರುತ್ತದೆ, ನಾಚಿಕೆಯಾಗುತ್ತದೆ, ಕೆಟ್ಟ ಆಸೆ ಹುಟ್ಟುವುದು ವಿಕೃತರಿಗೆ ಮಾತ್ರ, ಅಂಥವರನ್ನು ಲೆಕ್ಕಕ್ಕಿಟ್ಟುಕೊಂಡು ನಾವು ಸೆನ್ಸಾರ್ ಮಾಡುವುದಿಲ್ಲ ಅನ್ನುವ ಅರ್ಥದ ಮಾತು. ಜಡ್ಜ್‌ಗಳು ಇಷ್ಟು ಚೆನ್ನಾಗಿ ಬರೆಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಇಲ್ಲಿ ಕಂಪನಿಯವರ ಮೇಲಿನ ನನ್ನ ದೊಡ್ಡ ದೂರು ಬರುತ್ತದೆ. ಶಿಂಡ್ಲರ್ಸ್ ಲಿಸ್ಟ್‌ಗೆ ಹಾಕಿದ "ನಗ್ನತೆ" ಲೇಬಲ್ಲೇ ಸಮುದ್ರ ತೀರದಲ್ಲಿ ಕುಡಿದು ಕುಣಿಯುವ ಒಂದು ಕಾಮಿಡಿಗೂ ಇದೆ. ಎರಡೂ ಒಂದೇ ಡಬ್ಬಿ. ಔಷಧಿ ಅಂಗಡಿಯಲ್ಲಿ ಎಲ್ಲ ಬಾಟಲಿಗೂ "ಔಷಧಿ" ಅಂತ ಚೀಟಿ ಅಂಟಿಸಿದ ಹಾಗೆ. 2021ರ ಸರ್ಕಾರದ ನಿಯಮದಲ್ಲಿ 13+ ಮತ್ತು ಅದಕ್ಕಿಂತ ಮೇಲಿನ ಗುರುತು ಇರುವುದಕ್ಕೆಲ್ಲ ಬೀಗದ ವ್ಯವಸ್ಥೆ ಕೊಡಬೇಕು ಅಂತಿದೆ, ಇವರು ಕೊಟ್ಟಿದ್ದಾರೆ, ಒಪ್ಪಿದೆ. ಆದರೆ ಟಿವಿ ಹಾಕಿದ ಕೂಡಲೇ ಮೊದಲ ಪರದೆಯಲ್ಲಿ ತುಣುಕುಗಳು ತಾವಾಗೇ ಓಡುತ್ತವಲ್ಲ, ಅದಕ್ಕೆ ಬೀಗವಿಲ್ಲ. ಮೊಮ್ಮಗ ಬಂದಿದ್ದಾಗ ಒಬ್ಬ ಇನ್ನೊಬ್ಬನ ಕತ್ತು ಸೀಳುವ ತುಣುಕು ಬಂತು. ಕಾರ್ಟೂನ್ ಹುಡುಕುತ್ತಿದ್ದ ಮಗು ರಿಮೋಟ್ ಬಿಸಾಕಿ ಅಡುಗೆಮನೆಗೆ ಓಡಿ ಬಂತು. ಕಸ್ಟಮರ್ ಕೇರ್‌ಗೆ ಬರೆದೆ. "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ" ಅಂತ ಬಂತು. ಅಷ್ಟೇ ಬಂತು.

ಕನ್ನಡ ಡಬ್ಬಿಂಗ್ ಕೆಲವಕ್ಕೆ ಮಾತ್ರ ಇದೆ. ಇರುವ ಕಡೆ ಬೀದಿ ರೌಡಿಯೂ "ನನ್ನನ್ನು ಏಕಾಂತದಲ್ಲಿ ಬಿಟ್ಟುಬಿಡು" ಅನ್ನುತ್ತಾನೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಸುತ್ತ ಜನ ಸೇರುತ್ತಾರೆ. ಚಿತ್ರದ ಕ್ಲಿಯರ್ ಚೆನ್ನಾಗಿದೆ, ಮಳೆ ಬಂದರೂ ನಿಲ್ಲುವುದಿಲ್ಲ. ಹತ್ತು ಸೆಕೆಂಡ್ ಮುಂದೆ ಓಡಿಸುವ ಬಟನ್ ಬೇಗ ಕೆಲಸ ಮಾಡುತ್ತೆ. ಬೇಗ ಅನ್ನುವುದೇ ಕಷ್ಟ. ಯಜಮಾನರು ಮುತ್ತಿನ ಸೀನ್ ಬಂದರೆ ಅಮ್ಮ ಇದ್ದಾರೆ ಅಂತ ನಾಲ್ಕು ಸಲ ಒತ್ತುತ್ತಾರೆ, ಆಮೇಲೆ ಯಾರು ಯಾರನ್ನು ಕೊಂದರು ಅಂತ ಗೊತ್ತಾಗದೆ ಹಿಂದಕ್ಕೆ ಬರುತ್ತಾರೆ, ಮತ್ತೆ ಸರಿಯಾಗಿ ಮುತ್ತಿಗೇ ಬಂದು ನಿಲ್ಲುತ್ತದೆ. ಅದೇ ಮನುಷ್ಯ ಗುಂಡು ಹಾರುವಾಗ ಒಂದು ಸಲವೂ ಒತ್ತಿದ್ದಿಲ್ಲ. ಕೇಳಿದೆ. "ಗುಂಡಿಗೇನು ನಾಚಿಕೆ?" ಅಂದರು.

ಮರೆ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾವುದನ್ನು ಮರೆ ಮಾಡುತ್ತಾರೆ ಅನ್ನುವುದೇ ನನ್ನ ತಕರಾರು. 2023ರಲ್ಲಿ ಮಗ ನಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪನ್‌ಹೈಮರ್ ತೋರಿಸಿದ್ದ. ಅಣುಬಾಂಬ್ ಮಾಡಿದ ವಿಜ್ಞಾನಿಯ ಕಥೆ, ಅಪ್ಪನಿಗೆ ಬಾಂಬಿನ ವಿಜ್ಞಾನ ಇಷ್ಟ ಅಂತ. ಅದರಲ್ಲಿ ನಾಯಕಿ ಕುರ್ಚಿಯಲ್ಲಿ ಕೂತು ಮಾತಾಡುವ ಒಂದು ಸೀನ್ ಇದೆ. ಮೂಲದಲ್ಲಿ ಮೈಮೇಲೆ ಬಟ್ಟೆ ಇಲ್ಲ. ನಮ್ಮ ದೇಶಕ್ಕೆ ಬಂದ ಪ್ರಿಂಟಿನಲ್ಲಿ ಕಂಪ್ಯೂಟರಿನಿಂದ ಕಪ್ಪು ಉಡುಪು ತೊಡಿಸಿದ್ದರು. ಥಿಯೇಟರಿನಲ್ಲಿ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು ಅಷ್ಟೇ. ಕೂತ ಭಂಗಿ ಬಟ್ಟೆ ಇಲ್ಲದವಳದ್ದು, ಮೇಲೆ ಬಟ್ಟೆ. ಆಮೇಲೆ ಓದಿ ತಿಳಿಯಿತು. ಲಕ್ಷಾಂತರ ಜನರನ್ನು ಸುಟ್ಟ ಬಾಂಬಿನ ಕಥೆಯಲ್ಲಿ ಸೆನ್ಸಾರಿನ ಚಿಂತೆ ಆ ಕುರ್ಚಿಯದ್ದು. ಸುಟ್ಟ ಗಾಯದ ವಾರ್ಡಿನಲ್ಲಿ ಮೂರು ವರ್ಷ ಇದ್ದೆ ನಾನು. ಹಿರೋಷಿಮಾದಲ್ಲಿ ಸುಟ್ಟವರನ್ನು ಆ ಸಿನಿಮಾವೂ ತೋರಿಸಲಿಲ್ಲ.

ಯಜಮಾನರು ಇಂಥ ಮಾತು ಬಂದಾಗ ಮಂದಾರಗಿರಿಯ ವಿಷಯ ಎತ್ತುತ್ತಾರೆ. ಬಸದಿ ಬೆಟ್ಟದ ಮೇಲೆ ತೀರ್ಥಂಕರರು ದಿಗಂಬರರಾಗಿ ನಿಂತಿಲ್ವಾ, ನಾವು ಕೈ ಮುಗಿದು ಬರಲ್ವಾ ಅಂತ. ಈ ಹೋಲಿಕೆ ನನಗೆ ಹಿಡಿಸುವುದಿಲ್ಲ. ಅಲ್ಲಿ ಎಲ್ಲ ಬಿಟ್ಟು ನಿಂತವರು. ಇಲ್ಲಿ ಕ್ಯಾಮೆರಾ ಮುಂದೆ ಸಂಬಳಕ್ಕೆ ನಿಂತವರು, ಅವರಿಗೆ ಚಳಿ ಆಗುತ್ತೆ, ಮುಜುಗರ ಆಗುತ್ತೆ.

ಆ ಮುಜುಗರಕ್ಕೂ ಈಗ ಒಂದು ವ್ಯವಸ್ಥೆ ಬಂದಿದೆಯಂತೆ, ಅದು ನನಗೆ ಬಹಳ ಖುಷಿ ಕೊಟ್ಟಿತು. 2018ರಲ್ಲಿ ಎಚ್‌ಬಿಒ ಅನ್ನುವ ಅಮೆರಿಕದ ಚಾನೆಲ್‌ನವರ ದಿ ಡ್ಯೂಸ್ ಅನ್ನುವ ಧಾರಾವಾಹಿಗೆ ಅಲಿಶಿಯಾ ರೋಡಿಸ್ ಅನ್ನುವವರನ್ನು ಇದಕ್ಕೇ ನೇಮಿಸಿದರು. ಬಟ್ಟೆ ಇಲ್ಲದ ಸೀನ್ ಇದ್ದರೆ ಅವರು ಪಕ್ಕದಲ್ಲಿರುತ್ತಾರೆ. ಏನು ತೋರಿಸುವುದು, ಎಲ್ಲಿ ಮುಟ್ಟುವುದು ಎಲ್ಲ ಮೊದಲೇ ಮಾತು. ಕಟ್ ಅಂದ ತಕ್ಷಣ ಮೈಮೇಲೆ ಬಟ್ಟೆ ಬರಬೇಕು. ಇಂಟಿಮಸಿ ಕೋಆರ್ಡಿನೇಟರ್ ಅಂತ ದೊಡ್ಡ ಹೆಸರು. ನಮ್ಮಲ್ಲಿ ಗಂಡಸು ಡಾಕ್ಟರ್ ಹೆಂಗಸನ್ನು ಪರೀಕ್ಷೆ ಮಾಡುವಾಗ ಒಬ್ಬ ನರ್ಸ್ ಪಕ್ಕದಲ್ಲಿ ನಿಲ್ಲಬೇಕು. ನಿಂತು ಏನು ಮಾಡಬೇಕು? ಏನೂ ಇಲ್ಲ. ಪೇಷಂಟಿನ ಮುಖ ನೋಡುತ್ತಿರಬೇಕು, ಮುಗಿದ ಕೂಡಲೇ ದುಪ್ಪಟಿ ಹೊದಿಸಬೇಕು. ಎಷ್ಟು ಸಾವಿರ ಸಲ ನಿಂತಿದ್ದೇನೋ. ಆ ಕೆಲಸಕ್ಕೆ ಹೆಸರು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕೊನೆಯದಾಗಿ ಟೈಟಾನಿಕ್. ಹೋದ ವಾರ ಅತ್ತೆ "ಆ ಹಡಗಿನ ಪಿಚ್ಚರ್ ಹಾಕು" ಅಂದರು. ಮಗನ ಮದುವೆಗೂ ಮುಂಚೆ ಯಾವಾಗಲೋ ಸಿಡಿಯಲ್ಲಿ ಅರ್ಧ ನೋಡಿದ್ದರಂತೆ. ಆ ಸೀನ್ ಎಲ್ಲರಿಗೂ ಗೊತ್ತಲ್ಲ, ಹುಡುಗಿ ಸೋಫಾ ಮೇಲೆ ಒರಗಿದ್ದಾಳೆ, ಹುಡುಗ ಚಿತ್ರ ಬರೆಯುತ್ತಾನೆ. ಅದಕ್ಕೆ ಅಮೆರಿಕದಲ್ಲಿ ಪಿಜಿ-13 ಕೊಟ್ಟಿದ್ದರು. ತೆರೆಯ ಮೇಲೆ ಕಾಣುವ ಕೈ ಆ ಹುಡುಗನದ್ದಲ್ಲ, ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರದ್ದು. ಅವರು ಎಡಚರು, ಹುಡುಗ ಬಲಗೈಯವನು. ಅದಕ್ಕೆ ಕನ್ನಡಿಯಲ್ಲಿ ನೋಡಿದ ಹಾಗೆ ಚಿತ್ರವನ್ನು ತಿರುಗಿಸಿದ್ದಾರೆ. ಯಜಮಾನರು ಈ ಪಾಠ ಶುರು ಮಾಡಿ ಬಟನ್ ಒತ್ತುವುದನ್ನು ಮರೆತರು.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ನಾನು ಏನನ್ನುತ್ತಾರೋ ಅಂತ ಅವರ ಮುಖ ನೋಡುತ್ತಿದ್ದೆ.

"ಹೈದನ್ನ ನೋಡೇ. ಅವ್ಳು ಆರಾಮಾಗವ್ಳೆ, ಇವ್ನ ಮಖ ಕೆಂಪಾಗೈತೆ." ಸ್ವಲ್ಪ ಹೊತ್ತು ಬಿಟ್ಟು, "ಒಳ್ಳೇ ಹೈದ" ಅಂದರು.

ಮೂರು ತಿಂಗಳಲ್ಲಿ ಅವರು ಮೆಚ್ಚಿದ ಒಂದೇ ಸೀನ್ ಅದು. ದುಪ್ಪಟಿ ಅಳೆಯುವ ಆಟವೂ ಅವತ್ತು ನೆನಪಾಗಲಿಲ್ಲ ನಮಗೆ.

ಸಿನಿಮಾ ಮೂರು ಗಂಟೆ 14 ನಿಮಿಷ. ಹಿಮಗಡ್ಡೆ ಬರುವ ಮೊದಲೇ ಅತ್ತೆ ಕೂತಲ್ಲೇ ನಿದ್ದೆ ಹೋದರು. ಬೆಳಿಗ್ಗೆ ತಟ್ಟೆ ಇಡ್ಲಿ ಮುರಿಯುತ್ತಾ "ಆ ಹೈದ ಕೊನೆಗೆ ಏನಾದ?" ಅಂತ ಕೇಳಿದರು. ಯಜಮಾನರು ಬಾಯಿ ತೆರೆದರು. ನಾನು ಕಣ್ಣು ಬಿಟ್ಟೆ, ಮುಚ್ಚಿಕೊಂಡರು. "ಇವತ್ತು ನೋಡೋಣ ಇರಿ ಅತ್ತೆ" ಅಂದೆ. ಹಾಕಲು ಹೋದರೆ ಪ್ಯಾಕ್ ಹಿಂದಿನ ರಾತ್ರಿಗೇ ಮುಗಿದಿತ್ತು. ಮತ್ತೆ 447 ಕಟ್ಟಿದ್ದೇನೆ. ಈ ಸಲ ಪಿನ್ ನಾನೇ ಹಾಕಿದ್ದೇನೆ, ಯಜಮಾನರಿಗೆ ಹೇಳಿಲ್ಲ.